ಹೈ-ಲೋ ಸ್ಟಡ್ ಪೋಕರ್: ಮೊದಲ ಮೂರು ಎಲೆಗಳನ್ನು ತೂಗಿನೋಡುವ ಕ್ರಮ

ಏಳೆಲೆಯ ಹೈ-ಲೋ ಸ್ಟಡ್‌ನಲ್ಲಿ ಪ್ರತಿ ಆಟಗಾರನಿಗೂ ಮೊದಲು ಎರಡು ಎಲೆಗಳು ಮುಚ್ಚಿ, ಒಂದು ತೆರೆದು ಬರುತ್ತವೆ. ಮುಂದಿನ ಮೂರು ತೆರೆದಿರುತ್ತವೆ, ಏಳನೆಯದು ಮತ್ತೆ ಮುಚ್ಚಿರುತ್ತದೆ. ಕೊನೆಗೆ ಎಲ್ಲರೂ ಹಾಕಿದ ಪಣದ ಮೊತ್ತವಾದ ಪಾಟ್‌ನ ಅರ್ಧ ಎಲ್ಲರಿಗಿಂತ ಮೇಲಿನ ಕೈಗೆ (ಹೈ), ಇನ್ನರ್ಧ ಎಲ್ಲರಿಗಿಂತ ಕೆಳಗಿನ ಕೈಗೆ (ಲೋ) ಸಲ್ಲುತ್ತದೆ; ಕೈ ಎಂದರೆ ಆಟಗಾರನ ಬಳಿಯ ಎಲೆಗಳು. ಲೋ ಎನಿಸಿಕೊಳ್ಳಬೇಕಾದರೆ ಎಂಟು ಅಥವಾ ಅದಕ್ಕಿಂತ ಕಡಿಮೆಯ, ಅಂಕಿಯಲ್ಲಿ ಒಂದಕ್ಕೊಂದು ಬೇರೆಯಾದ ಐದು ಎಲೆಗಳು ಬೇಕು. ಎಕ್ಕ ಎರಡೂ ಕಡೆ ನಡೆಯುತ್ತದೆ. ಸ್ಟ್ರೈಟ್ (ಅನುಕ್ರಮದ ಐದು ಎಲೆ) ಆಗಲಿ ಫ್ಲಶ್ (ಒಂದೇ ಜಾತಿಯ, ಅಂದರೆ ಒಂದೇ ಚಿಹ್ನೆಯ ಐದು ಎಲೆ) ಆಗಲಿ ಲೋವನ್ನು ಕೆಡಿಸುವುದಿಲ್ಲ. ಆದ್ದರಿಂದ ಎಕ್ಕದಿಂದ ಐದರವರೆಗಿನ ಕೈ ಲೋದಲ್ಲಿ ಅತ್ಯುತ್ತಮವಾಗಿದ್ದು ಹೈಯಲ್ಲಿಯೂ ಸ್ಟ್ರೈಟ್ ಆಗಿ ನಿಲ್ಲುತ್ತದೆ. ಯಾರಿಗೂ ಲೋ ಕೂಡದಿದ್ದರೆ ಹೈ ಕೈಯೇ ಇಡೀ ಪಾಟನ್ನು ಒಯ್ಯುತ್ತದೆ.

ಕೈ ಆರಿಸುವ ಕ್ರಮವೆಲ್ಲ ಈ ಅರ್ಧರ್ಧದ ಲೆಕ್ಕದಿಂದಲೇ ಹುಟ್ಟುತ್ತದೆ. ಇಬ್ಬರೇ ಉಳಿದು ತಲಾ 100 ಚಿಪ್ ಹಾಕಿದ್ದಾರೆ ಎಂದುಕೊಂಡರೆ, ಅರ್ಧ ಗೆದ್ದವನಿಗೆ ಸಿಗುವುದು ತಾನು ಹಾಕಿದ 100 ಮಾತ್ರ. ಎರಡೂ ಕಡೆ ಗೆದ್ದು ಸ್ಕೂಪ್ ಮಾಡಿದವನಿಗೆ 200. ಮೂವರು ಉಳಿದು ಲೋ ಕಡೆ ಇಬ್ಬರ ಕೈ ಸಮವಾದರಂತೂ, ಆ ಇಬ್ಬರೂ ಪಾಟ್‌ನ ಮೂರನೇ ಒಂದು ಪಾಲನ್ನು ಹಾಕಿ ಕಾಲು ಪಾಲನ್ನಷ್ಟೇ ಪಡೆಯುತ್ತಾರೆ. ಮೊದಲ ಮೂರು ಎಲೆಗಳನ್ನು ಕಂಡೊಡನೆ ಅವು ಎರಡೂ ಕಡೆ ಗೆಲ್ಲಬಲ್ಲವೇ ಎಂದು ಕೇಳಿಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಮೂರೂ ಒಂದೇ ಅಂಕಿಯ ಎಲೆಗಳು ಸರಾಸರಿ 425 ಹಂಚಿಕೆಗಳಿಗೊಮ್ಮೆ ಬರುವುದರಿಂದ ಅದರ ಅಧ್ಯಯನಕ್ಕೆ ಹೊತ್ತು ಕಳೆಯಬೇಕಾಗಿಲ್ಲ, ಬಂದರೆ ಆಡುವುದಷ್ಟೇ. ನಿಜವಾಗಿ ಕಲಿಯಬೇಕಾದದ್ದು ಎಂಟರೊಳಗಿನ ಮೂರು ಬೇರೆ ಬೇರೆ ಎಲೆಗಳ ಕೈಗಳನ್ನು. ಇವು ಸುಮಾರು ಆರು ಹಂಚಿಕೆಗಳಿಗೊಮ್ಮೆ ಬರುತ್ತವೆ, ಆದರೆ ಎಲ್ಲವೂ ಒಂದೇ ಬೆಲೆಯವಲ್ಲ. 4-5-6 ಲೋ ಕಡೆಗೂ ಸ್ಟ್ರೈಟ್ ಕಡೆಗೂ ಹೊರಟಿರುತ್ತದೆ. ಒಂದೇ ಜಾತಿಯ ಎಕ್ಕ-3-6 ಲೋ ಕಡೆಗೂ ಫ್ಲಶ್ ಕಡೆಗೂ ಹೊರಟಿರುತ್ತದೆ. ಬೇರೆ ಬೇರೆ ಜಾತಿಯ 2-7-8 ಲೋ ಆಗಿಯೂ ಹೆಚ್ಚಿನ ವೇಳೆ ಇನ್ನೊಬ್ಬನ ಲೋಗೆ ಸೋಲುತ್ತದೆ, ಹೈ ಕಡೆ ಅದಕ್ಕೆ ಬಲವಿಲ್ಲ. ಹೊಸಬರು ಚಿಕ್ಕ ಎಲೆಗಳೆಂದು ಮರುಳಾಗಿ ಹಣ ಕಳೆಯುವುದು ಇಂಥ ಕೈಗಳಲ್ಲೇ. ಎಕ್ಕದ ಜೋಡಿಯೊಂದಿಗೆ ಚಿಕ್ಕ ಎಲೆಯೊಂದಿದ್ದರೆ ಅದು ಅತ್ಯುತ್ತಮ ಕೈಗಳಲ್ಲೊಂದು. 4-4-ಎಕ್ಕದಂಥ ಚಿಕ್ಕ ಜೋಡಿಯನ್ನೂ, ಉಳಿದ ನಾಲ್ಕುಗಳು ಮತ್ತು ಎಕ್ಕಗಳು ಬೇರೆಲ್ಲೂ ಕಾಣದಿದ್ದರೆ ಆಡಬಹುದು.

ಲೋ ಇಲ್ಲದ ಸಾಮಾನ್ಯ ಸ್ಟಡ್ ಆಡಿ ಬಂದವರಿಗೆ ರಾಜನ ಜೋಡಿಯನ್ನು ಬಿಡುವುದು ಕಷ್ಟವೆನಿಸುತ್ತದೆ. ಅದು ಹೈ ಕಡೆಗಷ್ಟೇ ಓಡುವ ಕೈ. ಎದುರಿಗೆ ಚಿಕ್ಕ ಎಲೆ ತೋರಿಸುವವರು ಹಲವರಿದ್ದರೆ ಅರ್ಧ ಪಾಟಿಗಾಗಿ ಪೂರ್ತಿ ಪಣ ಕಟ್ಟಿದಂತಾಗುತ್ತದೆ. ಎದುರಿಗೆ ಒಬ್ಬನೇ ಇದ್ದಾಗ, ಅಥವಾ ಮೊದಲೇ ಪಣ ಏರಿಸಿ ಉಳಿದವರನ್ನು ಹೊರಗಟ್ಟಬಹುದಾದಾಗ ಮಾತ್ರ ಅದು ಯೋಗ್ಯ, ಏಕೆಂದರೆ ಎದುರಾಳಿಗೆ ಲೋ ಕೂಡದೆ ಹೋಗುವುದೂ ಉಂಟು. ಒಂಬತ್ತು, ಹತ್ತರ ಜೋಡಿಗಳನ್ನು ನೋಡಿದೊಡನೆ ಕೆಳಗಿಡುವುದೇ ಲೇಸು.

ಇಷ್ಟು ಕೈಗಳನ್ನು ಕಂಠಪಾಠ ಮಾಡಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ, ಏಕೆಂದರೆ ಕೈಯ ಬೆಲೆ ಮೇಜಿನ ಮೇಲೆ ತೆರೆದಿರುವ ಎಲೆಗಳೊಂದಿಗೆ ಏರಿಳಿಯುತ್ತದೆ. ನಿಮ್ಮ ಬಳಿ ಎಕ್ಕ-2-3 ಇದೆಯೆನ್ನೋಣ. ಬೇರಾವ ಎಲೆಯೂ ತಿಳಿಯದಿದ್ದರೆ, ಏಳನೆಯ ಎಲೆಯವರೆಗೂ ಉಳಿದಾಗ ಲೋ ಕೂಡುವ ಸಾಧ್ಯತೆ ಸುಮಾರು ಶೇ. 48. ಎಂಟು ಜನರ ಮೇಜಿನಲ್ಲಿ ಉಳಿದ ಏಳು ಜನರ ತೆರೆದ ಎಲೆಗಳೂ ಒಂಬತ್ತಕ್ಕೆ ಮೇಲಿನವಾದರೆ ಅದೇ ಸಾಧ್ಯತೆ ಸುಮಾರು ಶೇ. 59ಕ್ಕೆ ಏರುತ್ತದೆ, ಆ ಏಳರಲ್ಲಿ 4, 4, 5, 6, 7, 8 ಮತ್ತು ಒಬ್ಬ ರಾಜ ಕಂಡರೆ ಶೇ. 36ಕ್ಕೆ ಇಳಿಯುತ್ತದೆ. ಎಲೆ ಬಿಟ್ಟವರ ತೆರೆದ ಎಲೆಗಳು ಕೂಡಲೇ ಕಣ್ಮರೆಯಾಗುವುದರಿಂದ ಅವನ್ನು ಆಗಲೇ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕು. ಎಲ್ಲವನ್ನೂ ನೆನಪಿಡಲು ಹೆಣಗಬೇಕಾಗಿಲ್ಲ: ನಿಮ್ಮ ಕೈಗೆ ಬೇಕಾದ ಚಿಕ್ಕ ಎಲೆಗಳು, ನಿಮ್ಮ ಜಾತಿಯ ಎಲೆಗಳು, ಎಕ್ಕಗಳು, ಇಷ್ಟು ಸಾಕು.

ಅಭ್ಯಾಸಕ್ಕೆ ಒಂದು ಕಟ್ಟು ಎಲೆ ಸಾಕು. ಎಂಟು ಕಡೆ ಮೂರು ಮೂರು ಎಲೆ ಹಂಚಿ, ಪ್ರತಿಯೊಂದರಲ್ಲೂ ಒಂದನ್ನು ತೆರೆದಿಟ್ಟು, ಒಂದು ಕೈಯನ್ನು ನಿಮ್ಮದೆಂದು ಎತ್ತಿಕೊಳ್ಳಿ. ಆಡುವಿರೋ ಬಿಡುವಿರೋ ಎಂಬುದನ್ನೂ ಅದರ ಕಾರಣವನ್ನೂ ಒಂದು ಸಾಲಿನಲ್ಲಿ ಬರೆದಿಟ್ಟು, ತೆರೆದ ಏಳು ಎಲೆಗಳನ್ನು ಮುಚ್ಚಿ ಅವು ಯಾವುವೆಂದು ಹೇಳಲು ಯತ್ನಿಸಿ. ಆಮೇಲೆ ಅದೇ ಮೂರೆಲೆಗಳನ್ನು ಹಿಡಿದುಕೊಂಡೇ ಉಳಿದವನ್ನು ಕಲಸಿ ಹೊಸದಾಗಿ ಹಂಚಿದರೆ, ಮೊದಲ ಸಲ ಆಡಿದ್ದ ಕೈಯನ್ನು ಈ ಸಲ ಬಿಡಬೇಕಾಗಿ ಬರುವುದು ಕಣ್ಣಿಗೆ ಕಾಣುತ್ತದೆ.

ನಾಲ್ಕನೆಯ ಎಲೆ ಬಂದಾಗ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ನಿಗದಿತ ಪಣದ ಆಟದಲ್ಲಿ ಐದನೆಯ ಎಲೆಯಿಂದ ಪಣ ಇಮ್ಮಡಿಯಾಗುತ್ತದೆ. ನಿಮಗೆ ರಾಣಿ ಬಂದು ಎದುರಿನ ಇಬ್ಬರಿಗೆ ಚಿಕ್ಕ ಎಲೆಗಳು ಕೂಡಿದ್ದರೆ, ಮೊದಲ ಮೂರು ಎಲೆಗಳು ಎಷ್ಟೇ ಸೊಗಸಾಗಿದ್ದರೂ ಕೈ ಬಿಡಲು ಅದೇ ತಕ್ಕ ಸಮಯ.