ಮೂಕವಾಗಿದ್ದ ಅಂಬಾಸಿಡರ್ ಹಾರ್ನ್ ಸರಿಮಾಡಿದ್ದು

ಚಿಕ್ಕಮಗಳೂರು ಬಳಿಯ ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವ ತಿರುವುಗಳಲ್ಲಿ ಹಾರ್ನ್ ಇಲ್ಲದೆ ಗಾಡಿ ಓಡಿಸಲೇಬಾರದು. ಮಂಜು ಕವಿದರೆ ಎದುರಿನವರಿಗೆ ನಾವು ಗೊತ್ತಾಗುವುದೇ ಸದ್ದಿನಿಂದ. ಈ ಮಳೆಗಾಲದಲ್ಲಿ ಅಪ್ಪನ ಹಳೇ ಅಂಬಾಸಿಡರ್ ಹಾರ್ನ್ ಪೂರ್ತಿ ನಿಂತುಹೋಯಿತು.

ಹೊಸ ಹಾರ್ನ್ ತರುವ ಮೊದಲು ಪರೀಕ್ಷೆ ಮಾಡೋಣ ಎನಿಸಿತು. ಫ್ಯೂಸ್ ಸರಿಯಿತ್ತು. ನಮ್ಮ ಗಾಡಿಯಲ್ಲಿ ಹಾರ್ನಿಗೆ ಕರೆಂಟ್ ಸದಾ ಇರುತ್ತದೆ; ಸ್ಟಿಯರಿಂಗ್ ಮೇಲಿನ ಬಟನ್ ಒತ್ತಿದಾಗ ಅರ್ಥ್ (ಗಾಡಿಯ ಲೋಹದ ಮೈ ಮೂಲಕ ಬ್ಯಾಟರಿಯ ನೆಗೆಟಿವ್) ಸಿಕ್ಕಿ ಕೂಗುತ್ತದೆ. ಹಾರ್ನಿನ ಕರೆಂಟ್ ಬರುವ ಟರ್ಮಿನಲ್ಲಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ, ಉರಿಯಿತು. ಹಾರ್ನಿನ ಇನ್ನೊಂದು ಟರ್ಮಿನಲ್ಲಿನಿಂದ ಗಾಡಿಯ ಲೋಹದ ಮೈಗೆ ತುಂಡು ವೈರ್ ಮುಟ್ಟಿಸಿದೆ. ಜೋರಾಗಿ ಕೂಗಿತು! ಅಂದರೆ ಹಾರ್ನ್ ಚೆನ್ನಾಗಿದೆ, ತೊಂದರೆ ಬಟನ್ ಕಡೆ.

ಬ್ಯಾಟರಿ ವೈರ್ ಕಳಚಿ ಬಟನ್ ಬಿಚ್ಚಿದರೆ, ಹಿತ್ತಾಳೆ ಕಾಂಟ್ಯಾಕ್ಟ್ ಮೇಲೆ ಹಸಿರು ಕಿಲುಬು. ಮಲೆನಾಡಿನ ಥಂಡಿ ಯಾವ ಲೋಹವನ್ನೂ ಬಿಡುವುದಿಲ್ಲ. ನಯವಾದ ಎಮೆರಿ ಪೇಪರಿನಲ್ಲಿ ಹಗುರಾಗಿ ಉಜ್ಜಿ, ಕುಗ್ಗಿದ್ದ ಸ್ಪ್ರಿಂಗ್ ಸ್ವಲ್ಪ ಎಳೆದು ಕೂರಿಸಿದೆ. ಹಾರ್ನ್ ಬಂತು, ಆದರೆ ದನಿ ಸಣ್ಣ.

ಮಲ್ಟಿಮೀಟರ್ ಇಟ್ಟು ಅಣ್ಣನ ಮಗನ ಕೈಲಿ ಬಟನ್ ಒತ್ತಿಸಿದೆ. ಬ್ಯಾಟರಿಯಲ್ಲಿ 12 ವೋಲ್ಟಿಗಿಂತ ಹೆಚ್ಚು, ಹಾರ್ನಿನ ಎರಡು ತುದಿಗಳ ನಡುವೆ ಬರೀ 9. ಹಳೇ ವೈರಿಂಗ್ ನುಂಗುತ್ತಿತ್ತು. ಅದಕ್ಕೆ ನಾಲ್ಕು ಕಾಲಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಹಾಕಿದೆ. ಅದರ ಕಾಲುಗಳಿಗೆ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್, 87ರಿಂದ ಹಾರ್ನಿಗೆ, 86ಕ್ಕೆ ಪಾಸಿಟಿವ್, 85ಕ್ಕೆ ಬಟನ್ ವೈರ್. ಹಾರ್ನಿನ ಇನ್ನೊಂದು ತುದಿ ಗಾಡಿಯ ಲೋಹದ ಮೈಗೆ. ಇನ್ನು ಬಟನ್ ಮೂಲಕ ಹರಿಯುವ ಕರೆಂಟ್ ತೀರಾ ಕಡಿಮೆ, ಕಾಂಟ್ಯಾಕ್ಟ್ ಸುಡುವುದಿಲ್ಲ. ಹಳೇ ಗಾಡಿ ಇರುವವರು ಈ ರಿಲೇ ಹಾಕಿಸಲೇಬೇಕು ಅನ್ನುತ್ತೇನೆ.