ಬೇಲೂರಿಗೆ ನಮ್ಮ ಮನೆಯನ್ನೇ ಓಡಿಸಿಕೊಂಡು ಹೋಗುವ ಬಗೆ

ಸಾರಿಗೆ ನಿಗಮದಲ್ಲಿ 29 ವರ್ಷ ಬಸ್ ಓಡಿಸಿದೆ. ಬೇಲೂರಿಗೆ ಎಷ್ಟು ಟ್ರಿಪ್ ಹೋಗಿದ್ದೇನೋ ಲೆಕ್ಕವಿಟ್ಟಿಲ್ಲ. ನಿಲ್ದಾಣದಲ್ಲಿ ಜನರನ್ನು ಇಳಿಸಿ, ಚಹಾ ಕುಡಿದು, ಗಾಡಿ ತಿರುಗಿಸಿಕೊಂಡು ಬರುತ್ತಿದ್ದೆ. ಚೆನ್ನಕೇಶವನ ಗುಡಿಯೊಳಗೆ ಮೊದಲ ಸಲ ಕಾಲಿಟ್ಟದ್ದು ನಿವೃತ್ತನಾದ ಮರುವರ್ಷ, ಹೆಂಡತಿಯ ಜೊತೆ. ಈಗ ನನಗೆ 67, ಅವಳಿಗೆ 63. ವರ್ಷಕ್ಕೆ ನಾಲ್ಕು ಸಲ ಬೆಂಗಳೂರಿನ ಕತ್ರಿಗುಪ್ಪೆಯ ಮನೆಗೆ ಬೀಗ ಹಾಕಿ ನಮ್ಮದೇ ಕ್ಯಾರವಾನಿನಲ್ಲಿ, ಅಂದರೆ ಮಲಗಲು, ಅಡುಗೆ ಮಾಡಲು ಜಾಗವಿರುವ ಗಾಡಿಯಲ್ಲಿ, ಹೊರಡುತ್ತೇವೆ. ನಮ್ಮ ಹಾಗೆ ಹೊರಡಬೇಕೆಂದು ಬೀದಿಯ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಗಾಡಿ ಕೊಳ್ಳಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಕ್ಯಾರವಾನ್ ಬಾಡಿಗೆಗೆ ಸಿಗುತ್ತದೆ. ಗಂಡ ಹೆಂಡತಿ ಇಬ್ಬರೇ ಮೂರು ರಾತ್ರಿ ಅದರಲ್ಲಿ ಮಲಗಿ ನೋಡಿ. ನಡುರಾತ್ರಿ ಎದ್ದು ಶೌಚಕ್ಕೆ ಹೋಗುವಾಗ ಮಂಡಿ ಎಲ್ಲಿ ತಗಲುತ್ತದೆ, ಹತ್ತಿಳಿಯುವ ಮೆಟ್ಟಿಲು ಎಷ್ಟು ಎತ್ತರವಾಗುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ನಾವು ಹಾಗೆ ನೋಡಿದ ಮೇಲೆಯೇ ಹಳೆಯ ಟೆಂಪೊ ಟ್ರಾವೆಲರ್ ಕೊಂಡು ಸೀಟು ತೆಗೆಸಿದೆವು. ಆ ಕೆಲಸಕ್ಕೆ ಕೈಹಾಕುವ ಮೊದಲು ಆರ್‌ಟಿಒ ಒಪ್ಪಿಗೆ ಪಡೆದು, ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಲೇಬೇಕು. ಒಟ್ಟು ತೂಕ 7,500 ಕಿಲೋ ಮೀರದ ಗಾಡಿಗೆ ಕಾರಿನ ಪರವಾನಗಿಯೇ ಸಾಕು. ಆದರೆ 55 ದಾಟಿದವರಿಗೆ ಪರವಾನಗಿ ಒಮ್ಮೆಗೆ 5 ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ. ಹೊರಡುವ ಮುನ್ನ ತಾರೀಖು ನೋಡಿಕೊಳ್ಳಿ.

ಗಾಡಿಯ ಎತ್ತರವನ್ನು ಅಳೆದು, ಚೀಟಿಯಲ್ಲಿ ಬರೆದು, ಸ್ಟಿಯರಿಂಗ್ ಎದುರಿಗೆ ಅಂಟಿಸಿ. ಕಾರು ಓಡಿಸಿ ರೂಢಿಯಾದವರಿಗೆ ತಲೆಯ ಮೇಲೆ ಇನ್ನೂ ನಾಲ್ಕು ಅಡಿ ಗಾಡಿ ಇದೆಯೆಂಬುದು ಮರೆತುಹೋಗುತ್ತದೆ. ಹಳೆಯ ಊರುಗಳ ಕಮಾನು, ರೈಲ್ವೆ ಕೆಳಸೇತುವೆ, ರಸ್ತೆಗೆ ಬಾಗಿದ ಹುಣಸೆ ಕೊಂಬೆ, ಎಲ್ಲವೂ ಆ ನಾಲ್ಕು ಅಡಿಯಲ್ಲೇ ಸಿಗುತ್ತವೆ. ರಿವರ್ಸ್ ತೆಗೆಯುವಾಗ ಕ್ಯಾಮೆರಾ ಒಂದನ್ನೇ ನಂಬಬೇಡಿ. ನನ್ನ ಹೆಂಡತಿ ಕೆಳಗಿಳಿದು ಹಿಂದೆ ನಿಲ್ಲುತ್ತಾಳೆ. ಅವಳ ಕೊರಳಲ್ಲಿ ಕಂಡಕ್ಟರ್ ಸೀಟಿ ಇರುತ್ತದೆ. ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಬರಬಹುದು. ಕೂಗಿ ಹೇಳಿದ ಮಾತು ಎಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ, ಸೀಟಿ ಕೇಳಿಸುತ್ತದೆ.

ವಿದ್ಯುತ್ತಿನ ಲೆಕ್ಕವನ್ನು ನಾವು ಕಷ್ಟಪಟ್ಟು ಕಲಿತೆವು. ನಮ್ಮದು 12 ವೋಲ್ಟಿನ, 200 ಆಂಪಿಯರ್ ಅವರ್ ಬ್ಯಾಟರಿ. ಪೂರ್ತಿ ತುಂಬಿದಾಗ ಅದರಲ್ಲಿ ಸಿಗುವುದು ಹೆಚ್ಚೆಂದರೆ 2.4 ಯುನಿಟ್. 1,500 ವ್ಯಾಟಿನ ಇಂಡಕ್ಷನ್ ಒಲೆ ಅರ್ಧ ಗಂಟೆ ಉರಿದರೆ ಮುಕ್ಕಾಲು ಯುನಿಟ್ ಖರ್ಚಾಗುತ್ತದೆ. ಬಾದಾಮಿಯಲ್ಲಿ ಒಂದು ರಾತ್ರಿ ಅನ್ನ, ಸಾಂಬಾರು, ಪಲ್ಯ ಎಲ್ಲವನ್ನೂ ಒಲೆಯ ಮೇಲೇ ಮಾಡಿ, ಫ್ಯಾನ್ ಹಾಕಿಕೊಂಡು ಮಲಗಿದೆವು. ಬೆಳಗಾಗುವಷ್ಟರಲ್ಲಿ ಫ್ರಿಜ್ ನಿಂತು, ಒಳಗಿದ್ದ ಹೆಂಡತಿಯ ಇನ್ಸುಲಿನ್ ಬೆಚ್ಚಗಾಗಿತ್ತು. ಔಷಧದಂಗಡಿ ಬಾಗಿಲು ತೆಗೆಯುವವರೆಗೆ ನಾನು ಅದರ ಎದುರು ನಿಂತಿದ್ದೆ. ಆ ಎರಡು ಗಂಟೆ ನೆನೆದರೆ ಇಂದಿಗೂ ಎದೆ ಹೊಡೆದುಕೊಳ್ಳುತ್ತದೆ. ಈಗ ಫ್ರಿಜ್‌ಗೆ ಬೇರೆ ಬ್ಯಾಟರಿ ಇದೆ. ರಾತ್ರಿಗೆ ಒಂದೇ ಪಾತ್ರೆಯ ಅಡುಗೆ: ಬಿಸಿಬೇಳೆ ಬಾತ್ ಅಥವಾ ಪೊಂಗಲ್. ಬೆಳಗಿನ ತಿಂಡಿ ಊರಿನ ಹೋಟೆಲಿನಲ್ಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ವೈದ್ಯರ ಚೀಟಿಯ ಎರಡು ಪ್ರತಿ ನಿಮ್ಮ ಬಳಿ ಇರಲಿ. ನೂರು ಲೀಟರ್ ನೀರು ಎಂದರೆ ನೂರು ಕಿಲೋ ಭಾರ. ಆದ್ದರಿಂದ ಟ್ಯಾಂಕನ್ನು ಬೆಂಗಳೂರಿನಲ್ಲೇ ತುಂಬಿಸದೆ, ತಂಗುವ ಊರಿನಲ್ಲಿ ತುಂಬಿಸಿ.

ಇಷ್ಟು ಸಿದ್ಧವಾದರೆ, ಮೊದಲ ಪ್ರಯಾಣಕ್ಕೆ ಹಾಸನದ ಕಡೆಗೇ ಹೋಗಿ. ನವೆಂಬರಿನಿಂದ ಫೆಬ್ರುವರಿಯೊಳಗೆ ಹೋದರೆ ಒಳ್ಳೆಯದು. ಬೆಳಗಿನ ಐದಕ್ಕೆಲ್ಲ ನೆಲಮಂಗಲ ದಾಟಿಬಿಡಿ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ದರ್ಶನ ಮಾಡಿ ಕಾಲು ಚಾಚಿಕೊಳ್ಳಿ. ಮೊದಲ ದಿನ ಶ್ರವಣಬೆಳಗೊಳ ತಲುಪಿ ವಿಶ್ರಾಂತಿ ಪಡೆದು, ಸಂಜೆ ಚಿಕ್ಕ ಬೆಟ್ಟ ಚಂದ್ರಗಿರಿಯನ್ನು ಮಾತ್ರ ಹತ್ತಿ. ಮರುದಿನ ಬೆಳಗಿನ ತಂಪಿನಲ್ಲಿ ವಿಂಧ್ಯಗಿರಿ. ಅಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕು; ದಪ್ಪ ಕಾಲುಚೀಲ ಹಾಕಿಕೊಳ್ಳಿ. ಮಂಡಿ ಒಪ್ಪದಿದ್ದರೆ ಡೋಲಿ ಇದೆ, ನಾಚಿಕೆ ಬೇಡ. ಕ್ರಿ.ಶ. 981ರಲ್ಲಿ ಚಾವುಂಡರಾಯ ಕಡೆಸಿದ 58 ಅಡಿಯ ಗೊಮ್ಮಟನ ಪಾದದ ಬಳಿ ಅರ್ಧ ಗಂಟೆ ಸುಮ್ಮನೆ ಕೂರುವಷ್ಟು ಶಕ್ತಿಯನ್ನು ಉಳಿಸಿಕೊಂಡು ಹತ್ತಿ.

ಪ್ರವಾಸದ ಬಸ್ಸುಗಳು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ಒಂದೇ ದಿನದಲ್ಲಿ ಮುಗಿಸುತ್ತವೆ. ನಾನೇ ಹಾಗೆ ಜನರನ್ನು ಓಡಿಸಿದ್ದೇನೆ. ಮಧ್ಯಾಹ್ನ ಎರಡು ಗಂಟೆಗೆ ಕಾದ ಕಲ್ಲಿನ ಮೇಲೆ ಕುಣಿಯುತ್ತಾ ಹೋಗಿ, ಕುಣಿಯುತ್ತಾ ಬರುತ್ತಿದ್ದ ವಯಸ್ಸಾದವರ ಮುಖಗಳು ನೆನಪಿವೆ. ಕ್ಯಾರವಾನ್ ಇರುವುದು ಆ ಮಧ್ಯಾಹ್ನವನ್ನು ಮಲಗಿ ಕಳೆಯುವುದಕ್ಕೆ. ದಿನಕ್ಕೆ ಒಂದೇ ಊರು ಸಾಕು. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೋಡಿ. ನಡುವೆ ಮರದ ನೆರಳಿನಲ್ಲಿ ಊಟ, ನಿದ್ದೆ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬಾಗಿಲುಗಳು, ನಂದಿಮಂಟಪಗಳು ಇರುವ ಆ ಕಡೆಯನ್ನು ಬೆಳಗ್ಗೆ ನೋಡಿ. ಹಿಂಬದಿಯ ಪಶ್ಚಿಮ ಗೋಡೆಯನ್ನು ಸಂಜೆಗೆ ಉಳಿಸಿಕೊಳ್ಳಿ. ಅತ್ಯುತ್ತಮ ಶಿಲ್ಪಗಳಿರುವುದು ಆ ಗೋಡೆಯಲ್ಲಿ. ನಾಲ್ಕು ಗಂಟೆಯ ನಂತರ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಒಡವೆಯ ಹಿಂದೆಯೂ ನೆರಳು ಹುಟ್ಟಿ ಬಳಪದ ಕಲ್ಲು ಉಬ್ಬಿ ನಿಲ್ಲುತ್ತದೆ. ತಳದ ಆನೆಸಾಲಿನಿಂದ ಶುರುಮಾಡಿ ಒಂದೊಂದೇ ಸಾಲು ಮೇಲಕ್ಕೆ ನೋಡುತ್ತಾ ಹೋಗಿ. ಆವರಣದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಬೇಲೂರಿಗೆ ಬೈನಾಕ್ಯುಲರ್ ಬೇಕೇ ಬೇಕು. ಹೊರಗಿನ 38 ಮದನಿಕೆಯರು ಸೂರಿನ ಕೆಳಗೆ, ಎತ್ತರದಲ್ಲಿದ್ದಾರೆ. ಗುಡಿ ನಿಂತಿರುವ ಕಲ್ಲಿನ ಕಟ್ಟೆಯ, ಅಂದರೆ ಜಗತಿಯ, ಅಂಚಿನಲ್ಲಿ ಕುಳಿತು ನೋಡಿದರೆ ಕುತ್ತಿಗೆಯೂ ನೋಯುವುದಿಲ್ಲ. ಬರಿಯ ಬೊಂಬೆಗಳನ್ನು ನೋಡಿ ಬರಬೇಡಿ, ಕೆಲವು ಪೀಠಗಳಲ್ಲಿ ಕೆತ್ತಿರುವ ಅಕ್ಷರಗಳನ್ನೂ ಹುಡುಕಿ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಬರೆದಿದ್ದಾರೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿಯೆಂದು ಬಸ್ಸಿನಲ್ಲಿ ನೂರು ಸಲ ಕೇಳಿದ್ದೆ. ಕೆಲಸ ಮಾಡಿದ ಅಪ್ಪ ಮಗನ ಹೆಸರು ಕೇಳಿರಲಿಲ್ಲ. ಪ್ರತಿ ದಿನ ಲಾಗ್ ಶೀಟಿಗೆ ಸಹಿ ಹಾಕಿ ಬದುಕಿದ ನನಗೆ ಆ ಸಹಿಗಳ ಎದುರು ಕಣ್ಣು ತುಂಬಿ ಬಂತು.

ರಾತ್ರಿ ನಿಲ್ಲಿಸಲು ಲಾಡ್ಜಿನ ಅಂಗಳ, ಛತ್ರ, ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕ್ ಒಳ್ಳೆಯವು. ಕತ್ತಲಾಗುವ ಮೊದಲೇ ಹೋಗಿ, ಕೇಳಿ, ಹಣ ಕೊಟ್ಟು ನಿಲ್ಲಿಸಿ. ಒಂದು ಕೋಣೆಯನ್ನೂ ಬಾಡಿಗೆಗೆ ಹಿಡಿದರೆ ಬಿಸಿನೀರಿನ ಸ್ನಾನವಾಗುತ್ತದೆ, ಬ್ಯಾಟರಿಯೂ ತುಂಬುತ್ತದೆ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅಡುಗೆ, ಊಟ ಎರಡಕ್ಕೂ ನಿಷೇಧವಿದೆ. ಪಾರ್ಕಿಂಗಿನಲ್ಲೂ ಪಾತ್ರೆ ತೊಳೆದ ನೀರು ಚೆಲ್ಲಬೇಡಿ. ಶೌಚದ ಡಬ್ಬಿಯನ್ನು ಲಾಡ್ಜಿನ ಶೌಚಾಲಯದಲ್ಲಿ, ಹೇಳಿಯೇ ಖಾಲಿ ಮಾಡಿ. ಕೆರೆಯ ದಂಡೆಗೆ, ಕಾಲುವೆಗೆ ಸುರಿದವರನ್ನು ಕಂಡಿದ್ದೇನೆ. ಆ ನೀರಿನಲ್ಲಿ ಊರಿನ ದನಗಳು ಬಾಯಿಡುತ್ತವೆ.

ಭಾನುವಾರ ಸಂಜೆ ಮಾತ್ರ ಬೆಂಗಳೂರಿಗೆ ಮರಳಬೇಡಿ. ಊರಿಗೆ ಹೋದವರೆಲ್ಲ ಆಗಲೇ ನೆಲಮಂಗಲದಲ್ಲಿ ಸಾಲುಗಟ್ಟಿರುತ್ತಾರೆ. ನಾವು ಮಂಗಳವಾರ ಬೆಳಗ್ಗೆ ಬೇಲೂರಿನಲ್ಲಿ ತಿಂಡಿ ತಿಂದು ಹೊರಡುತ್ತೇವೆ. ಸುಮಾರು 220 ಕಿಲೋಮೀಟರ್, ನಡುವೆ ಎರಡು ಕಡೆ ನಿಂತು, ಮಧ್ಯಾಹ್ನ ಮೂರು ಗಂಟೆಗೆ ಕತ್ರಿಗುಪ್ಪೆ. ಆ ದಿನವೇ ಟ್ಯಾಂಕುಗಳನ್ನು ಬರಿದು ಮಾಡಿ, ಬಾಗಿಲು ತೆರೆದಿಟ್ಟು ಒಣಗಿಸುತ್ತೇವೆ.