ಗುಡಿಯ ಪಕ್ಕದ ಮನೆ, ನೂರು ಮೀಟರಿನ ಲೆಕ್ಕ

ಅಜ್ಜ ಕಟ್ಟಿಸಿದ ತೊಟ್ಟಿಮನೆಯ ಪಡುವಣ ಗೋಡೆ ಮಳೆಗೆ ಉಬ್ಬಿ ಬಿರುಕು ಬಿಟ್ಟಾಗ ನಾನು ಹಾಕಿಕೊಂಡ ಲೆಕ್ಕ ಸುಲಭದ್ದು: ಪೂರಾ ಕೆಡವುವುದು, ಪಿಲ್ಲರ್ ಎಬ್ಬಿಸುವುದು, ಮೇಲೊಂದು ಮಹಡಿ. ಮೇಸ್ತ್ರಿ ಅಂದಾಜುಪಟ್ಟಿಯನ್ನೂ ಬರೆದುಕೊಟ್ಟಿದ್ದ. ತಡೆದದ್ದು ಪಕ್ಕದ ದೇವಸ್ಥಾನದ ಬಾಗಿಲಲ್ಲಿರುವ, ಇದು ಸಂರಕ್ಷಿತ ಸ್ಮಾರಕ ಎಂದು ಸಾರುವ ನೀಲಿ ಬೋರ್ಡು. ವರ್ಷಗಟ್ಟಲೆ ಅದರ ಮುಂದೆಯೇ ಓಡಾಡಿದ್ದೇನೆ, ಒಮ್ಮೆಯೂ ಪೂರ್ತಿ ಓದಿರಲಿಲ್ಲ.

ಮೊದಲು ತಿಳಿದುಕೊಳ್ಳಬೇಕಾದದ್ದು ಗುಡಿ ಯಾರ ರಕ್ಷಣೆಯಲ್ಲಿದೆ ಎಂಬುದು. ರಾಜ್ಯದ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯ್ದೆ. ಕೇಂದ್ರದ್ದಾದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. ಕೇಂದ್ರದ ಪಟ್ಟಿಯಲ್ಲಿ ಕರ್ನಾಟಕದವೇ 500ಕ್ಕೂ ಹೆಚ್ಚಿವೆ, ನಮ್ಮೂರಿನದೂ ಅದರಲ್ಲೊಂದು. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಮೀರಿ ಕಟ್ಟಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಟೇಪು ಹಿಡಿದು ನಾನೇ ಅಳೆದೆ. ಗುಡಿಯ ಗೋಡೆಯಿಂದ ನಮ್ಮ ಜಗಲಿಗೆ 112 ಮೀಟರ್. ನಿಷೇಧಿತ ಗೆರೆ ದಾಟಿದ್ದೇವೆ, ಅನುಮತಿ ತೆಗೆದುಕೊಂಡು ಮಹಡಿಯನ್ನೇ ಕಟ್ಟಬಹುದು ಎಂದು ಹಿಗ್ಗಿದೆ. ಎಡವಿದ್ದು ಇಲ್ಲೇ. ಕಾಯ್ದೆ ಅಳೆಯುವುದು ಗುಡಿಯ ಕಲ್ಲಿನಿಂದಲ್ಲ, ರಕ್ಷಿತ ಪ್ರದೇಶದ ಗಡಿಯಿಂದ. ಕಲ್ಯಾಣಿಯೂ ಅದರ ದಂಡೆಯ ಬಯಲೂ ಆ ಗಡಿಯೊಳಗೇ ಸೇರಿದ್ದವು. ಸರ್ವೆಯವರು ನಕ್ಷೆ ಇಟ್ಟುಕೊಂಡು ಅಳೆದಾಗ ಬಂದದ್ದು 84 ಮೀಟರ್. ಮಹಡಿಯ ಕನಸು ಅವತ್ತೇ ಮುಗಿಯಿತು. ನಿಷೇಧಿತ ಪ್ರದೇಶದಲ್ಲಿ ನನ್ನಂಥವರು ಕೇಳಬಹುದಾದದ್ದು ಇದ್ದ ಮನೆಯ ದುರಸ್ತಿ ಅಥವಾ ನವೀಕರಣಕ್ಕೆ ಅನುಮತಿ, ಅಷ್ಟೇ.

ಅದಕ್ಕೂ ಒಂದು ತಾರೀಖಿನ ಕಟ್ಟು ಇದೆ. ಮನೆ 1992ರ ಜೂನ್ 16ಕ್ಕೂ ಮುಂಚೆ ಇತ್ತೆಂದು ತೋರಿಸಬೇಕು. ಆಮೇಲೆ ಕಟ್ಟಿದ್ದಾದರೆ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆ ಪಡೆದು ಕಟ್ಟಿರಬೇಕು. ನಮ್ಮದು ಅಜ್ಜನ ಕಾಲದ್ದೆಂದು ಊರಿಗೆಲ್ಲ ಗೊತ್ತು, ಆದರೆ ಊರಿನ ಬಾಯಿಮಾತನ್ನು ಅರ್ಜಿಗೆ ಲಗತ್ತಿಸಲಾಗುವುದಿಲ್ಲವಲ್ಲ! ಅಟ್ಟದ ಟ್ರಂಕಿನಲ್ಲಿ ಇಲಿ ಕಡಿದ ಕಂದಾಯ ರಶೀದಿಗಳು ಸಿಕ್ಕವು, 1970ರ ದಶಕದವು. ಅತ್ತೆಯ ಮದುವೆಯ ಫೋಟೊದಲ್ಲಿ ಜಗಲಿಯ ಕಂಬಗಳೂ ಮಾಡೂ ಸ್ಪಷ್ಟವಾಗಿದ್ದವು. ಇವನ್ನು ಖಾತೆ ಪ್ರತಿಯ ಜೊತೆ ಇಟ್ಟೆ.

ಇಷ್ಟಾಗಿಯೂ ಮೊದಲ ಅರ್ಜಿ ವಾಪಸ್ ಬಂತು, ನನ್ನದೇ ತಪ್ಪಿಗೆ. ವಿಷಯ ಎಂಬಲ್ಲಿ ‘ಪಡುವಣ ಗೋಡೆಯ ಪುನರ್ನಿರ್ಮಾಣ’ ಎಂದು ದೊಡ್ಡ ಪದ ಬರೆದಿದ್ದೆ. ದುರಸ್ತಿ, ನವೀಕರಣ, ಪುನರ್ನಿರ್ಮಾಣ, ನಮ್ಮ ಬಾಯಲ್ಲಿ ಇವೆಲ್ಲ ಒಂದೇ. ಕಾಯ್ದೆಯಲ್ಲಿ ಅಲ್ಲ. ಇದ್ದ ಉದ್ದಗಲ ಎತ್ತರದಲ್ಲೇ ಮತ್ತೆ ಎಬ್ಬಿಸಿದರೂ ಅದು ಪುನರ್ನಿರ್ಮಾಣ, ನಿಯಂತ್ರಿತ ಪ್ರದೇಶದಲ್ಲಿ ಮಾತ್ರ ಕೇಳಬಹುದಾದದ್ದು. ಇರುವ ಕಟ್ಟಡದಲ್ಲೇ ಮಾಡುವ ಬದಲಾವಣೆ ದುರಸ್ತಿ. ಪದ ತಿದ್ದಿದರೆ ಸಾಲದು, ಕೆಲಸವನ್ನೂ ತಿದ್ದಬೇಕು. ಕೆಡವುವ ಯೋಚನೆ ಬಿಟ್ಟೆ. ಯಾವ ಗೋಡೆಯ ಎಷ್ಟು ಅಡಿ ಭಾಗಕ್ಕೆ ತೇಪೆ, ಎಷ್ಟು ತೊಲೆ ಬದಲು, ಎಷ್ಟು ಹೆಂಚು, ಪಾಯ ಅಗೆಯುವುದಿಲ್ಲ, ಎತ್ತರ ಒಂದಂಗುಲವೂ ಏರುವುದಿಲ್ಲ ಎಂದು ಬಿಡಿಬಿಡಿಯಾಗಿ ಬರೆದು, ಪ್ರತಿ ಬಿರುಕಿನ ಫೋಟೊ ಅಂಟಿಸಿದೆ.

ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಿಗೆ, ಅಂದರೆ ಇಂಥ ಅನುಮತಿ ಕೊಡಲು ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ. ಅವರು 15 ದಿನದಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಪ್ರಾಧಿಕಾರ 2 ತಿಂಗಳಲ್ಲಿ ಅಭಿಪ್ರಾಯ ಕೊಡಬೇಕು, ಅದು ಬಂದ 1 ತಿಂಗಳೊಳಗೆ ಹೌದು ಅಥವಾ ಇಲ್ಲ ಎಂಬ ಆದೇಶ. ಎಲ್ಲ ಸರಿಹೋದರೂ ಮೂರೂವರೆ ತಿಂಗಳು. ವಾಪಸಾದ ಅರ್ಜಿಯಿಂದಾಗಿ ನನಗೆ ಒಂದು ಮಳೆಗಾಲವೇ ಹೋಯಿತು. ಗೋಡೆಗೆ ಟಾರ್ಪಾಲು ಹೊದಿಸಿ, ಅಡಿಕೆ ಮರದ ಊರುಗೋಲು ಕೊಟ್ಟು ಕಾದೆವು. ಮಧ್ಯೆ ಒಬ್ಬರು ಬಂದು ‘ರಾತ್ರೋರಾತ್ರಿ ಕಟ್ಟಿಬಿಡಿ, ಆಮೇಲೆ ನೋಡಿಕೊಳ್ಳೋಣ’ ಎಂದರು. ಜೈಲಿಗೆ ಹೋಗಬೇಕಾಗಿ ಬಂದರೆ ಹೋಗುವವನು ನಾನು ತಾನೇ.

ಅನುಮತಿ ಬಂದು ಕೆಲಸ ಶುರುವಾದ ಮೇಲೆ ತಕರಾರು ಮೇಸ್ತ್ರಿಯದು, ಅವನಿಗೆ ಸಿಮೆಂಟೇ ಬೇಕಿತ್ತು. ಆದರೆ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಬರಲಾಗದೆ ಗೋಡೆ ಒಳಗಿಂದಲೇ ಸಡಿಲಾಗುತ್ತದೆ. ಹಿಂದೊಮ್ಮೆ ಅಪ್ಪ ಮಾಡಿಸಿದ್ದ ಸಿಮೆಂಟ್ ಗಿಲಾವನ್ನು ಕಿತ್ತಾಗ ಹಿಂದಿನ ಮಣ್ಣು ಹುಡಿಹುಡಿಯಾಗಿ ಉದುರಿತು. ಗೋಡೆ ಉಬ್ಬಿದ್ದು ಯಾಕೆಂದು ಆಗ ತಿಳಿಯಿತು. ಮಳೆಯನ್ನು ಸುಮ್ಮನೆ ಬೈದಿದ್ದೆ. ಸುಣ್ಣವನ್ನು ಮೂರು ವಾರ ನೀರಿನಲ್ಲಿ ನೆನೆಹಾಕಿ ಗಾರೆ ಅರೆಸಿದೆವು. ಸಿಮೆಂಟಿನವರಿಗೆ ಇದರಲ್ಲಿ ತಾಳ್ಮೆಯಿಲ್ಲ. ಎರಡು ದಿನ ಗೊಣಗಿದ ಮೇಸ್ತ್ರಿ ಮೂರನೆಯ ದಿನ ತನ್ನ ಮಾವನನ್ನು ಕರೆತಂದ. ಎಪ್ಪತ್ತು ದಾಟಿದ ಅವರು ಹದ ನೋಡಿದ್ದು ಕರಣೆಯಿಂದಲ್ಲ, ಬೆರಳಿನಿಂದ.

ಚಿಕ್ಕಪ್ಪನ ಮಗನ ನಿವೇಶನ ಗಡಿಯಿಂದ 240 ಮೀಟರಿನಲ್ಲಿದೆ, ನಿಯಂತ್ರಿತ ಪ್ರದೇಶ. ಅವನು ಹೊಸ ಮನೆಗೇ ಅರ್ಜಿ ಹಾಕಬಹುದು. ಟೇಪು ಕೇಳಲು ಬಂದಿದ್ದ, ಮೊದಲು ಗಡಿಯ ನಕ್ಷೆ ತಾ ಎಂದು ಕಳಿಸಿದೆ.

ನನ್ನ ಅಡುಗೆಮನೆಯ ಮಾಡು ಈಗ ಸೋರುತ್ತಿದೆ. ಆದೇಶದಲ್ಲಿ ಇರುವುದು ಪಡುವಣ ಗೋಡೆ ಮತ್ತು ಅದರ ಮೇಲಿನ ಮಾಡು ಮಾತ್ರ, ಏಕೆಂದರೆ ಅರ್ಜಿಯಲ್ಲಿ ನಾನು ಬರೆದದ್ದೂ ಅಷ್ಟೇ. ಅತ್ತೆಯ ಫೋಟೊ ಮತ್ತೆ ಟ್ರಂಕಿನಿಂದ ಹೊರಬಂದಿದೆ.